ಅಜ್ಜಿ ಯಾಕೆ ನೀರು ಕುಡಿಯಲಿಲ್ಲ?

ಪ್ರಶ್ನೆ: ಮೇಡಂ, ನಾನು ಮುಂಬಯಿಯಲ್ಲಿ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಅಪ್ಪ ಘಾಟ್‌ಕೋಪರ್‌ನಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಏಳನೇ ಕ್ಲಾಸಿನ ತನಕ ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ನರ್ಸಿಂಗ್ ಥಿಯರಿಗಳನ್ನು ಬಾಯಿಪಾಠ ಮಾಡಿ ಪಾಸಾದೆ, ಆದರೆ ಏನೂ ತಲೆಗೆ ಹೋಗಿಲ್ಲ. ‘ಅದೆಲ್ಲ ಪರೀಕ್ಷೆಗೆ ಮಾತ್ರ’ ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಜವಾ? ಮುಂದಿನ ವರ್ಷ ಗ್ರೂಪ್ ರಿಸರ್ಚ್ ಮಾಡಬೇಕು. ವಿಷಯ ಎಲ್ಲಿಂದ ಹುಡುಕುವುದು? ಕೊನೆಯದು, ನನ್ನನ್ನು ನಿದ್ದೆ ಮಾಡಲು ಬಿಡದ ವಿಷಯ. ನಮ್ಮ ವಾರ್ಡಿನಲ್ಲಿ ಉಡುಪಿ ಕಡೆಯ ಒಬ್ಬ ಅಮ್ಮ ಇದ್ದಾರೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಅವರಿಗೆ ಹೇಳಬೇಡಿ ಅಂತ ಮಗ ಎಲ್ಲರಿಗೂ ಹೇಳಿದ್ದಾರೆ. ವಾರ್ಡಿನಲ್ಲಿ ಕನ್ನಡ ಬರುವುದು ನನಗೊಬ್ಬಳಿಗೇ. ಮೊನ್ನೆ ಕೈ ಹಿಡಿದುಕೊಂಡು ‘ನನ್ಗೆ ದೊಡ್ಡ ಕಾಯಿಲೆಯಾ ಮಗಾ? ನೀನಾದ್ರೂ ಹೇಳು’ ಅಂದರು. ನಾನು ‘ಏನಿಲ್ಲಮ್ಮ’ ಅಂದುಬಿಟ್ಟೆ. ತಪ್ಪು ಮಾಡಿದೆನಾ?

ಉತ್ತರ: ತಂಗಿ, ನೀನು ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಥಿಯರಿ ನಾಳೆಗೂ ಇರುತ್ತದೆ. ಆ ಅಮ್ಮ ಇವತ್ತು ವಾರ್ಡಿನಲ್ಲಿದ್ದಾರೆ.

‘ಏನಿಲ್ಲಮ್ಮ’ ಅಂದದ್ದು ತಪ್ಪೇ. ಆದರೆ ಸರಿಮಾಡಲು ಆಗದಂಥ ತಪ್ಪಲ್ಲ. ಎರಡು ವಿಷಯ ಬೇರೆ ಬೇರೆ ಇಟ್ಟುಕೋ. ರೋಗದ ಹೆಸರನ್ನು ಮೊದಲ ಸಲ ಹೇಳುವುದು ವಿದ್ಯಾರ್ಥಿನಿಯ ಕೆಲಸವಲ್ಲ. ಯಾವ ಹಂತ, ಏನು ಚಿಕಿತ್ಸೆ, ಮುಂದೇನು ಅನ್ನುವುದನ್ನೆಲ್ಲ ಜೊತೆಗೇ ಹೇಳಬಲ್ಲವರು ಹೇಳಬೇಕು. ಅದು ಡಾಕ್ಟರ ಕೆಲಸ. ಆದರೆ ಸುಳ್ಳು ಹೇಳುವುದು ಯಾರ ಕೆಲಸವೂ ಅಲ್ಲ. ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಒಂದು ಜಾಗ ಇದೆ. ನೀನು ನಿಲ್ಲಬೇಕಾದ್ದು ಅಲ್ಲಿ.

ನಾಳೆ ಡ್ಯೂಟಿಗೆ ಹೋದಾಗ ಒಂದು ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತುಕೋ. ನಿಂತುಕೊಂಡು ಮಾತಾಡಬೇಡ, ನಿಂತವಳು ಹೊರಡುವ ಅವಸರದಲ್ಲಿದ್ದಾಳೆ ಅನಿಸುತ್ತದೆ. ‘ಅಮ್ಮಾ, ಮೊನ್ನೆ ನೀವು ಕೇಳಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಡಾಕ್ಟರು ನಿಮಗೆ ಏನು ಹೇಳಿದ್ದಾರೆ? ನಿಮಗೇನು ಅನಿಸ್ತಾ ಇದೆ?’ ಅಂತ ಕೇಳು. ಆಮೇಲೆ ಸುಮ್ನೆ ಇರು. ಬಹಳ ಸಲ ರೋಗಿಗೆ ಅರ್ಧ ಗೊತ್ತಿರುತ್ತದೆ. ಅವರು ‘ಎಲ್ಲ ತಿಳಿಯಬೇಕು’ ಅಂದರೆ, ‘ಡಾಕ್ಟರ ಹತ್ತಿರ ಹೇಳ್ತೇನೆ, ಅವರು ಮಾತಾಡುವಾಗ ನಾನೂ ಜೊತೆಗಿದ್ದು ಕನ್ನಡದಲ್ಲಿ ಹೇಳ್ತೇನೆ’ ಅನ್ನು. ‘ಬೇಡ ಮಗಾ, ಮಗನಿಗೆ ಗೊತ್ತಿದ್ರೆ ಸಾಕು’ ಅಂದರೆ ಅದನ್ನೂ ಒಪ್ಪಿಕೋ. ತಿಳಿಯುವ ಹಕ್ಕಿನ ಹಾಗೆ ತಿಳಿಯದೆ ಇರುವ ಹಕ್ಕೂ ಅವರದೇ. ಎರಡರಲ್ಲಿ ಯಾವುದನ್ನು ಹೇಳಿದರೂ ಅದೇ ದಿನ ಇನ್‌ಚಾರ್ಜ್ ಸಿಸ್ಟರಿಗೆ ಹೇಳು, ಅವರು ಆಡಿದ ಮಾತನ್ನೇ ಬರೆದಿಡು.

ಮಗ ಕೆಟ್ಟವರು ಅಂತ ತಿಳಿಯಬೇಡ. ನಾನು ಅಂಥ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ತಾಯಿ ಎದೆಗುಂದುತ್ತಾಳೆ ಅನ್ನುವ ಹೆದರಿಕೆ ಅವರದು. ನಿನ್ನ ಪುಸ್ತಕದಲ್ಲಿ ನಾಲ್ಕು ತತ್ವ ಬರುತ್ತವಲ್ಲ, ರೋಗಿಯ ಸ್ವಂತ ನಿರ್ಧಾರಕ್ಕೆ ಬೆಲೆ ಕೊಡುವುದು, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ಎಲ್ಲರಿಗೂ ನ್ಯಾಯವಾಗಿ ನಡೆದುಕೊಳ್ಳುವುದು. ಬೋಶಾಂಪ್ ಮತ್ತು ಚಿಲ್ಡ್ರೆಸ್ ಅನ್ನುವ ಅಮೆರಿಕದ ಇಬ್ಬರು ನೀತಿಶಾಸ್ತ್ರಜ್ಞರು 1979ರಲ್ಲಿ ಹೀಗೆ ಜೋಡಿಸಿ ಕೊಟ್ಟದ್ದು. ಮಗ ಹಿಡಿದುಕೊಂಡಿರುವುದು ‘ಕೆಡುಕು ಮಾಡಬೇಡಿ’ ಅನ್ನುವುದನ್ನು. ತಾಯಿ ಕೇಳುತ್ತಿರುವುದು ಮೊದಲನೆಯದನ್ನು. ಇಬ್ಬರ ಕೈಯಲ್ಲೂ ಒಂದೊಂದು ಸರಿ ಇದೆ, ಕಷ್ಟ ಇರುವುದೇ ಅಲ್ಲಿ. ಆದರೆ ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ದೇಹದ ವಿಷಯದಲ್ಲಿ ಕೊನೆಯ ಮಾತು ರೋಗಿಯದೇ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಮಗಳು ಅನಸ್ತೇಶಿಯಾದಲ್ಲಿದ್ದಾಗ ತಾಯಿಯ ಒಪ್ಪಿಗೆ ತೆಗೆದುಕೊಂಡು ಆಪರೇಷನ್ ಮಾಡಿದ ಪ್ರಕರಣ. ಪ್ರಾಣಕ್ಕೆ ಅಪಾಯ ಇರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು, ಹಾಗಾಗಿ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗುವುದಿಲ್ಲ ಅಂದಿತು ಕೋರ್ಟು. ನಮ್ಮ ದೇಶದಲ್ಲಿ ಮನೆಯವರೇ ಎಲ್ಲ ಸಹಿ ಹಾಕುವ ರೂಢಿ ಇದೆಯಲ್ಲ, ಅದಕ್ಕೇ ಇದನ್ನು ನೆನಪಿಡು. ಇನ್ನೊಂದು ಮಾತು. ಆ ಅಮ್ಮ ಹೆಬ್ಬೆಟ್ಟು ಒತ್ತಿದ ಫಾರ್ಮ್ ಯಾವ ಭಾಷೆಯಲ್ಲಿತ್ತು? ಅದನ್ನು ಯಾರಾದರೂ ಅವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರಾ? ಹೇಳಿರದಿದ್ದರೆ ಅದು ಒಪ್ಪಿಗೆಯಲ್ಲ, ಬರೀ ಶಾಯಿ. ಇನ್‌ಚಾರ್ಜ್ ಹತ್ತಿರ ಇದನ್ನೂ ಕೇಳು.

ರೋಗಿಗೆ ಮಾತೇ ಇಲ್ಲದಿದ್ದರೆ? ಆ ಪ್ರಶ್ನೆ ಎದುರಾದದ್ದು ನಮ್ಮ ಮುಂಬಯಿಯಲ್ಲೇ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಅರುಣಾ ಶಾನಭಾಗ ನಮ್ಮ ಉತ್ತರ ಕನ್ನಡದ ಹಳದೀಪುರದವರು, ಅಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಒಳಗೇ ಅವರ ಮೇಲೆ ಹಲ್ಲೆಯಾಯಿತು. ಮೆದುಳಿಗೆ ಆದ ಪೆಟ್ಟಿನಿಂದ ಅವರು ಮತ್ತೆ ಎದ್ದು ಓಡಾಡಲಿಲ್ಲ, ಮಾತಾಡಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಪೀಳಿಗೆಯಿಂದ ಪೀಳಿಗೆಗೆ ಅವರನ್ನು ನೋಡಿಕೊಂಡರು. ಅವರನ್ನು ಕಷ್ಟದಿಂದ ಬಿಡುಗಡೆ ಮಾಡಿ ಅಂತ ಒಬ್ಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದರು. ನರ್ಸ್‌ಗಳು ಬೇಡ ಅಂದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು, ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಆಕೆಯ ಪರವಾಗಿ ಮಾತಾಡಬೇಕಾದವರು ಅಂದಿತು. ಅದೇ ತೀರ್ಪು, ಚೇತರಿಕೆಯ ಆಸೆ ಇಲ್ಲದ ಕಡೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಲು ಕಟ್ಟುನಿಟ್ಟಾದ ದಾರಿಯನ್ನೂ ತೆರೆಯಿತು. 2018ರಲ್ಲಿ ಇನ್ನೊಂದು ತೀರ್ಪು, ಮಾತು ನಿಂತುಹೋಗುವ ಮೊದಲೇ ತನ್ನ ಇಷ್ಟವನ್ನು ಬರೆದಿಡುವ ಹಕ್ಕನ್ನು ಒಪ್ಪಿತು. ನಾನು ಕೆಇಎಂನಲ್ಲಿ ಕೆಲಸ ಮಾಡಿದವಳಲ್ಲ. ಆದರೆ ನಮ್ಮ ಪೀಳಿಗೆಯ ನರ್ಸ್‌ಗಳಿಗೆ ಅರುಣಾ ಮನೆಯ ಹುಡುಗಿಯ ಹಾಗೆ. ಅಷ್ಟು ವರ್ಷ ಮಲಗಿದ್ದ ದೇಹಕ್ಕೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಆಗದ ಹಾಗೆ ನೋಡಿಕೊಂಡರು ಅನ್ನುವುದನ್ನು ಕೇಳಿದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಆಕೆಯ ಇಷ್ಟ ಏನಿತ್ತು ಅನ್ನುವುದು ಮಾತ್ರ ಯಾರಿಗೂ ಕೇಳಿಸಲಿಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಆ ತೀರ್ಪನ್ನು ಓದು.

ಈಗ ಥಿಯರಿ. ‘ಪರೀಕ್ಷೆಗೆ ಮಾತ್ರ’ ಅನ್ನುವ ಮಾತನ್ನು ನಾನೂ ವಿದ್ಯಾರ್ಥಿನಿಯಾಗಿದ್ದಾಗ ನಂಬಿದ್ದೆ. ಒಬ್ಬ ಅಜ್ಜಿ ನನ್ನನ್ನು ತಿದ್ದಿದರು.

ಆರ್ಥೋಪೆಡಿಕ್ ವಾರ್ಡು. ವಿಜಾಪುರ ಕಡೆಯ ಅಜ್ಜಿ, ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಕಾಲಿಗೆ ಟ್ರ್ಯಾಕ್ಷನ್, ಅಂದರೆ ಮೂಳೆಯನ್ನು ಎಳೆದು ಹಿಡಿಯುವ ಭಾರ, ಕಟ್ಟಿದ್ದರು. ಮಗ, ಸೊಸೆ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು, ಬರುತ್ತಿದ್ದದ್ದು ಸಂಜೆಗೆ. ಅಜ್ಜಿ ನೀರು ಕುಡಿಯುತ್ತಿರಲಿಲ್ಲ. ನಾನು ಲೋಟ ಹಿಡಿದರೆ ಎರಡು ಗುಟುಕು, ಆಮೇಲೆ ಬಾಯಿ ಬಿಗಿ. ಮೂರನೇ ದಿನ ನಾಲಿಗೆ ಒಣಗಿ ಮರದ ತೊಗಟೆಯಂತಾಗಿತ್ತು, ಮೂತ್ರ ಕಡು ಹಳದಿ, ಸಂಜೆಗೆ ಜ್ವರ. ನಾನು ಏನು ಬರೆದೆ ಗೊತ್ತಾ? ‘ರೋಗಿ ಸಹಕರಿಸುತ್ತಿಲ್ಲ.’ ಅಷ್ಟೇ. ಬರೆದು ಹ್ಯಾಂಡೋವರ್ ಕೊಟ್ಟು ಹೊರಟಿದ್ದೆ. ನಮ್ಮ ವಾರ್ಡ್ ಸಿಸ್ಟರ್ ಆ ಸಾಲಿನ ಮೇಲೆ ಬೆರಳಿಟ್ಟು, ‘ಯಾಕೆ ಸಹಕರಿಸುತ್ತಿಲ್ಲ ಅಂತ ಬರೆದಿಲ್ಲವಲ್ಲ?’ ಅಂದರು.

ವಾಪಸು ಹೋಗಿ ಕೂತೆ. ಮೊದಲ ಸಲ ಕನ್ನಡದಲ್ಲಿ ಕೇಳಿದೆ. ಅಷ್ಟು ದಿನ ವಾರ್ಡಿನ ರೂಢಿಯಂತೆ ಹಿಂದಿಯಲ್ಲೇ ಮಾತಾಡಿಸಿದ್ದೆ! ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು: ‘ನೀರ ಕುಡದ್ರ ಮತ್ತ ಕೇಳಬೇಕಾಗ್ತದವಾ. ಗಂಡಸ್ರ ಮುಂದ ಹೆಂಗ ಕೇಳ್ಲಿ?’ ಹಗಲು ಹೊತ್ತು ಬೆಡ್‌ಪ್ಯಾನ್ ತರುತ್ತಿದ್ದದ್ದು ವಾರ್ಡಿನ ‘ಮಾಮಾ’, ಅಂದರೆ ಗಂಡು ಸಹಾಯಕ. ಮಾವಶಿಯರು, ಅಂದರೆ ಹೆಣ್ಣು ಸಹಾಯಕಿಯರು, ಕಡಿಮೆ ಇದ್ದರು.

ನರ್ಸಿಂಗ್ ಥಿಯರಿ ಕಟ್ಟಿದ ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಹೇಳಿದ್ದು ಸರಳ. ಒಬ್ಬ ಮನುಷ್ಯನಿಗೆ ಶಕ್ತಿ, ಮನಸ್ಸು, ತಿಳುವಳಿಕೆ ಮೂರೂ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ಅವನಿಗೆ ನೆರವಾಗುವುದು ನರ್ಸಿಂಗ್. ಗುಣವಾಗಲಿಕ್ಕೆ, ಇಲ್ಲವೇ ನೆಮ್ಮದಿಯಿಂದ ಸಾಯಲಿಕ್ಕೆ ಕೂಡ. ಇದನ್ನು ಅಜ್ಜಿಯ ಮಂಚದ ಪಕ್ಕ ಇಟ್ಟು ನೋಡು. ಎದ್ದು ಹೋಗಲು ಶಕ್ತಿ ಇಲ್ಲ, ಮೂಳೆ ಮುರಿದಿದೆ. ಕೇಳಲು ಮನಸ್ಸು ಬರುವುದಿಲ್ಲ, ನಾಚಿಕೆ. ನೀರು ಕುಡಿಯದಿದ್ದರೆ ಏನಾಗುತ್ತದೆ ಅನ್ನುವ ತಿಳುವಳಿಕೆ ಇಲ್ಲ, ಯಾಕೆಂದರೆ ಅವರ ಭಾಷೆಯಲ್ಲಿ ಯಾರೂ ಹೇಳಿಲ್ಲ. ಮೂರು ಕೊರತೆ, ಮೂರಕ್ಕೂ ಬೇರೆ ಬೇರೆ ಉಪಾಯ. ಹೊತ್ತು ಗೊತ್ತು ಮಾಡಿಕೊಂಡು ಮಾವಶಿಯೇ ಬರುವ ಹಾಗೆ ಮಾಡಿದೆವು. ಕೇಳುವ ಮೊದಲೇ ಪರದೆ ಎಳೆದು ಪ್ಯಾನ್ ಕೊಟ್ಟೆವು. ನೀರು ಯಾಕೆ ಬೇಕು ಅಂತ ನಾನು ಕನ್ನಡದಲ್ಲಿ ಹೇಳಿದೆ. ಮರುದಿನ ಅಜ್ಜಿ ತಾವಾಗಿಯೇ ಲೋಟ ಕೇಳಿದರು.

ಥಿಯರಿಯ ಕೆಲಸ ಇದೇ. ಎಲ್ಲಿ ನೋಡಬೇಕು ಅಂತ ಹೇಳಿಕೊಡುವುದು. ಅದಿಲ್ಲದ ನನ್ನ ಕಣ್ಣಿಗೆ ಹಟಮಾರಿ ಮುದುಕಿ ಕಂಡಳು. ಹೆಂಡರ್ಸನ್ ಪಟ್ಟಿ ಮಾಡಿದ 14 ಅಗತ್ಯಗಳಲ್ಲಿ ಉಸಿರಾಟ, ಊಟ, ವಿಸರ್ಜನೆ, ನಿದ್ದೆ ಮಾತ್ರ ಅಲ್ಲ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವುದು, ತನ್ನ ನಂಬಿಕೆಯಂತೆ ದೇವರನ್ನು ನೆನೆಯುವುದು, ಆಡಿ ನಲಿಯುವುದೂ ಇದೆ. ನಾವು ಮೊದಲ ಎಂಟೊಂಬತ್ತಕ್ಕೇ ನಿಂತುಬಿಡುತ್ತೇವೆ.

ಥಿಯರಿ ಬರೆದ ಬೇರೆಯವರನ್ನೂ ಹೀಗೇ ಮಂಚದ ಪಕ್ಕ ತಂದು ಓದು. ಡೊರೊಥಿಯಾ ಓರೆಮ್ ಕೇಳುವುದು, ಈ ರೋಗಿ ತನ್ನ ಆರೈಕೆಯಲ್ಲಿ ಎಷ್ಟನ್ನು ತಾನೇ ಮಾಡಿಕೊಳ್ಳಬಲ್ಲ, ಎಷ್ಟು ನಾವು ಮಾಡಬೇಕು ಅಂತ. ಐಸಿಯುದಲ್ಲಿ ಪೂರ್ತಿ ನಾವು, ಆಪರೇಷನ್ ಆದ ಎರಡನೇ ದಿನ ಅರ್ಧರ್ಧ, ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಯುತ್ತಿರುವವರಿಗೆ ಬರೀ ಕಲಿಸುವುದು ಮತ್ತು ಧೈರ್ಯ. ಜಾಸ್ತಿ ಮಾಡಿಕೊಟ್ಟರೂ ಅದು ತಪ್ಪು ಆರೈಕೆಯೇ. ಹಿಲ್ಡೆಗಾರ್ಡ್ ಪೆಪ್ಲೋ 1952ರಲ್ಲೇ ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಅಂದರು. ಆ ಉಡುಪಿಯ ಅಮ್ಮ ನಿನ್ನ ಕೈ ಹಿಡಿದರಲ್ಲ, ಅಲ್ಲಿ ಪೆಪ್ಲೋ ಇದ್ದಾರೆ. ಕ್ಯಾಲಿಸ್ಟಾ ರಾಯ್ ನೋಡುವುದು ಮನುಷ್ಯ ಬದಲಾವಣೆಗೆ ಹೇಗೆ ಹೊಂದಿಕೊಳ್ಳುತ್ತಾನೆ ಅನ್ನುವುದನ್ನು. ಕಾಲು ಕಳೆದುಕೊಂಡವರ ವಾರ್ಡಿನಲ್ಲಿ ಅದು ಚೆನ್ನಾಗಿ ಅರ್ಥವಾಗುತ್ತದೆ. ಮನುಷ್ಯನೇ ಒಂದು ಶಕ್ತಿಕ್ಷೇತ್ರ ಅನ್ನುವ ಮಾರ್ಥಾ ರೋಜರ್ಸ್ ಅವರ ಮಾತು ಈಗ ಹಿಡಿತಕ್ಕೆ ಸಿಗದಿದ್ದರೆ ಪರವಾಗಿಲ್ಲ, ಪರೀಕ್ಷೆಗೆ ಬೇಕಾದಷ್ಟು ಓದು. ಹೆಂಡರ್ಸನ್ ಮತ್ತು ಓರೆಮ್ ಇಬ್ಬರನ್ನು ಗಟ್ಟಿ ಮಾಡಿಕೊಂಡರೆ ವಾರ್ಡಿನಲ್ಲಿ ಹತ್ತು ವರ್ಷ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಥಿಯರಿಯೂ ಸುತ್ತುವುದು ನಾಲ್ಕು ಮಾತಿನ ಸುತ್ತ: ಮನುಷ್ಯ, ಅವನ ಪರಿಸರ, ಆರೋಗ್ಯ, ನರ್ಸಿಂಗ್. ಹೊಸದೊಂದು ಹೆಸರು ಬಂದಾಗ, ಇವರು ಈ ನಾಲ್ಕರ ಬಗ್ಗೆ ಏನು ಹೇಳುತ್ತಾರೆ ಅಂತ ಕೇಳಿಕೋ. ಬಾಯಿಪಾಠದ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇನ್ನು ರಿಸರ್ಚ್. ‘ವಿಷಯ ಎಲ್ಲಿಂದ ಹುಡುಕಲಿ’ ಅಂದೆಯಲ್ಲ. ಹಳೇ ಬ್ಯಾಚಿನ ಫೈಲಿನಿಂದ ಬೇಡ. ‘ನಾವು ಹೀಗೇ ಮಾಡೋದು’ ಅಂತ ವಾರ್ಡಿನಲ್ಲಿ ಯಾರಾದರೂ ಹೇಳುವ ಕಡೆ ಹುಡುಕು.

ನಮಗೆ ಕಲಿಸಿದ್ದ ಒಂದು ಕೆಲಸ ಹೇಳುತ್ತೇನೆ. ಮಲಗಿದ ರೋಗಿಯ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಮೂಳೆಯ ಭಾಗವನ್ನು ಚೆನ್ನಾಗಿ ಉಜ್ಜುವುದು. ಎಷ್ಟು ಶ್ರದ್ಧೆಯಿಂದ ಉಜ್ಜುತ್ತಿದ್ದೆವು! ಈಗ ಗೊತ್ತಾಗಿದೆ, ಒತ್ತಡದಿಂದ ಆಗಲೇ ಸೋತ ಚರ್ಮವನ್ನು ಜೋರಾಗಿ ಉಜ್ಜಿದರೆ ಒಳಗಿನ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಅವರ ಜೊತೆಗಾರರು ವಯಸ್ಸಾದ ರೋಗಿಗಳ ಮೇಲೆ ಮಾಡಿದ ಅಧ್ಯಯನ 1962ರಲ್ಲೇ ಬಂದಿತ್ತು. ಹಚ್ಚುವ ವಸ್ತುಗಳಿಗಿಂತ ರೋಗಿಯನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದೇ ಬೆಡ್‌ಸೋರ್ ತಡೆಯುವುದು ಅಂತ ಅದು ತೋರಿಸಿತ್ತು. ನಾವು ಅದಾದ ಎಷ್ಟೋ ವರ್ಷಗಳ ನಂತರವೂ ಉಜ್ಜುತ್ತಲೇ ಇದ್ದೆವು. ಪ್ರೀತಿಯಿಂದ ಮಾಡಿದ್ದು ಅನ್ನುವುದು ಆ ರೋಗಿಗಳ ಚರ್ಮಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರೂ ದೀಪದ ಚಿತ್ರ ಹಾಕುತ್ತಾರೆ. ನನಗೆ ಅವರ ಲೆಕ್ಕದ ಪುಸ್ತಕ ಹೆಚ್ಚು ಇಷ್ಟ. ಕ್ರಿಮಿಯಾ ಯುದ್ಧ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಸತ್ತವರ ಅಂಕಿಗಳನ್ನು ಜೋಡಿಸಿದರು. ಗಾಯದಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಎಷ್ಟೋ ಜಾಸ್ತಿ ಅನ್ನುವುದನ್ನು ಹೂವಿನ ಎಸಳಿನಂಥ ಚಿತ್ರದಲ್ಲಿ 1858ರಲ್ಲಿ ತೋರಿಸಿದರು. ಕಣ್ಣೀರಿಗೆ ಬದಲಾಗದ ಸರ್ಕಾರ ಅಂಕಿಗೆ ಬದಲಾಯಿತು.

ನಿಮ್ಮ ಗುಂಪಿಗೆ ವಾರ್ಡಿನ ಒಂದು ವಿಷಯ ನಾನೇ ಕೊಡುತ್ತೇನೆ. ಡಿಸ್ಚಾರ್ಜ್ ದಿನ ಮರಾಠಿ, ಹಿಂದಿ ಸರಿಯಾಗಿ ಬಾರದ ರೋಗಿಗೆ ‘ಯೆ ಸುಬಹ್, ಯೆ ಶಾಮ್’ ಅಂತ ಸ್ಟ್ರಿಪ್ ತೋರಿಸಿ ಕಳಿಸುತ್ತೇವಲ್ಲ. ಮನೆಗೆ ಹೋಗಿ ಅವರು ಸರಿಯಾಗಿ ನುಂಗುತ್ತಾರಾ? ಇದನ್ನು ಪ್ರಶ್ನೆಯಾಗಿ ಕಟ್ಟುವಾಗ ನಾಲ್ಕು ತುಂಡು ಬೇಕು. ಪುಸ್ತಕದಲ್ಲಿ ಪಿಕೋ ಅಂತ ಇರುತ್ತದೆ. ಯಾರಲ್ಲಿ: ಮನೆಭಾಷೆ ಕನ್ನಡವಾಗಿದ್ದು ಮೂರಕ್ಕಿಂತ ಹೆಚ್ಚು ಮಾತ್ರೆ ಇರುವ ರೋಗಿಗಳಲ್ಲಿ. ಏನು ಮಾಡಿದರೆ: ಕನ್ನಡದಲ್ಲಿ ಚಿತ್ರದ ಚೀಟಿಯೊಡನೆ ವಿವರಿಸಿದರೆ. ಯಾವುದಕ್ಕೆ ಹೋಲಿಸಿ: ಈಗ ಹೇಳುವ ರೀತಿಗೆ. ಏನು ಬದಲಾಗುತ್ತದೆ: ಯಾವ ಮಾತ್ರೆ ಯಾವಾಗ ಅಂತ ಅವರೇ ಸರಿಯಾಗಿ ಹೇಳುವುದು. ನೋಡು, ‘ರೋಗಿಗಳ ತಿಳುವಳಿಕೆಯ ಅಧ್ಯಯನ’ ಅನ್ನುವ ತಲೆಬರಹಕ್ಕಿಂತ ಇದು ಎಷ್ಟು ಹಿಡಿತಕ್ಕೆ ಸಿಗುತ್ತದೆ ಅಲ್ವಾ? ಕನ್ನಡದ ರೋಗಿಗಳು ಸಾಕಷ್ಟು ಸಿಗದಿದ್ದರೆ ತಮಿಳು, ತೆಲುಗು ಗೊತ್ತಿರುವ ಗೆಳತಿಯರನ್ನು ಸೇರಿಸಿಕೊಳ್ಳಿ.

ಅಳೆಯುವ ಸಾಧನದ ಬಗ್ಗೆ ವೈವಾದಲ್ಲಿ ಖಂಡಿತ ಕೇಳುತ್ತಾರೆ. ಒಂದು ಬಿಪಿ ಮಷೀನ್ ಪ್ರತಿ ಸಲ ಇರುವುದಕ್ಕಿಂತ 10 ಜಾಸ್ತಿ ತೋರಿಸುತ್ತದೆ ಅಂದುಕೋ. ಎಷ್ಟು ಸಲ ನೋಡಿದರೂ ಒಂದೇ ಸಂಖ್ಯೆ. ಅದು ರಿಲಯಬಲ್, ಅಂದರೆ ಪ್ರತಿ ಸಲವೂ ಒಂದೇ ಥರ; ಆದರೆ ವ್ಯಾಲಿಡ್, ಅಂದರೆ ಅಳೆಯಬೇಕಾದ್ದನ್ನು ಸರಿಯಾಗಿ ಅಳೆಯುವಂಥದ್ದು, ಅಲ್ಲ. ನಿಮ್ಮ ಪ್ರಶ್ನಾವಳಿಗೂ ಇದೇ ಪರೀಕ್ಷೆ. ನಲ್ ಹೈಪಾಥೆಸಿಸ್ ಅಂದರೆ ‘ಎರಡು ರೀತಿಯಲ್ಲಿ ಹೇಳಿದರೂ ವ್ಯತ್ಯಾಸ ಇಲ್ಲ’ ಅಂತ ಮೊದಲು ಹಿಡಿದು, ಅದನ್ನು ಅಂಕಿ ಅಲುಗಾಡಿಸುತ್ತದಾ ಅಂತ ನೋಡುವುದು. ಪಿ ಬೆಲೆ 0.05ಕ್ಕಿಂತ ಕಡಿಮೆ ಬಂತು ಅಂದರೆ ವ್ಯತ್ಯಾಸ ದೊಡ್ಡದು ಅಂತಲ್ಲ. ವ್ಯತ್ಯಾಸವೇ ಇಲ್ಲ ಅಂದುಕೊಂಡರೆ ಇಂಥ ಅಂಕಿ ಬರುವುದು ಅಪರೂಪ ಅಂತ ಮಾತ್ರ. ಮತ್ತೆ, ಎಲ್ಲವನ್ನೂ ಎಣಿಸಲು ಹೋಗಬೇಡಿ. ಅಜ್ಜಿಯ ನಾಚಿಕೆಯನ್ನು ಒಂದರಿಂದ ಐದರ ಅಳತೆಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕೆ ಕೂತು ಕೇಳುವ ಗುಣಾತ್ಮಕ ಅಧ್ಯಯನ ಬೇಕು. ಅದು ಸುಲಭದ ದಾರಿ ಅಂತ ತಿಳಿಯಬೇಡ, ಅಲ್ಲಿ ಕಷ್ಟ ಬೇರೆ ಥರ.

ರಿಸರ್ಚಿನಿಂದ ರೋಗಿಗೆ ಅನ್ಯಾಯ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ‘ಕಾಗದದ ಕಾಟ’ ಅಂತ ಯಾರಾದರೂ ಅಂದರೆ ಅವರಿಗೆ ಟಸ್ಕೀಗಿಯ ವಿಷಯ ಹೇಳು. ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅವರಿಗೆ ನಿಜವಾದ ರೋಗದ ಹೆಸರನ್ನೂ ಹೇಳಲಿಲ್ಲ. ಅಷ್ಟು ವರ್ಷ ಅವರನ್ನು ಹಿಡಿದಿಟ್ಟದ್ದು ಅವರದೇ ಸಮುದಾಯದ ನರ್ಸ್ ಯೂನಿಸ್ ರಿವರ್ಸ್ ಮೇಲಿದ್ದ ನಂಬಿಕೆ. ಕಾರಿನಲ್ಲಿ ಕರೆದುಕೊಂಡು ಹೋಗುವುದು, ಮನೆಯ ಕಷ್ಟ ವಿಚಾರಿಸುವುದು, ಎಲ್ಲ ಅವರೇ ಮಾಡುತ್ತಿದ್ದರು. ಇದನ್ನು ಪ್ರತಿ ಬ್ಯಾಚಿಗೂ ಹೇಳುವಾಗ ನನಗೆ ಕಷ್ಟವಾಗುತ್ತದೆ, ಆದರೂ ಬಿಟ್ಟಿಲ್ಲ. ರೋಗಿಗಳು ಡಾಕ್ಟರಿಗಿಂತ ನಮ್ಮನ್ನು ಬೇಗ ನಂಬುತ್ತಾರೆ. ಆ ನಂಬಿಕೆಯ ಮೇಲೆಯೇ ಅನ್ಯಾಯವೂ ನಡೆಯಬಹುದು. ಟಸ್ಕೀಗಿಯ ವಿಷಯ ಹೊರಬಿದ್ದ ಮೇಲೆ ಅಮೆರಿಕದಲ್ಲಿ ಸಂಶೋಧನೆಯ ನೀತಿಯ ಬಗ್ಗೆ ಬೆಲ್‌ಮಾಂಟ್ ವರದಿ ಬಂತು, ನಿಯಮಗಳು ಬಿಗಿಯಾದವು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದೆ. ಹಾಗಾಗಿ ವಿದ್ಯಾರ್ಥಿಗಳ ಸಣ್ಣ ಅಧ್ಯಯನವಾದರೂ ಕಮಿಟಿಯ ಮುಂದೆ ಹೋಗಲಿ. ಬೇಡ ಅಂದ ರೋಗಿಯ ಆರೈಕೆ ಒಂದು ಚೂರೂ ಕಡಿಮೆ ಆಗಬಾರದು, ಅದನ್ನು ಒಪ್ಪಿಗೆ ಪತ್ರದಲ್ಲೇ ಅವರ ಭಾಷೆಯಲ್ಲಿ ಬರೆಯಿರಿ. ಯೂನಿಫಾರ್ಮ್ ಹಾಕಿಕೊಂಡು ಕೇಳಿದರೆ ಇಲ್ಲ ಅನ್ನಲು ಅವರಿಗೆ ಧೈರ್ಯ ಬರುವುದಿಲ್ಲ. ಆದ್ದರಿಂದ ‘ಬೇಡ ಅಂದ್ರೂ ಪರವಾಗಿಲ್ಲ’ ಅಂತ ಬಾಯಿಬಿಟ್ಟು ಹೇಳಿ, ಒಂದು ರಾತ್ರಿ ಯೋಚನೆ ಮಾಡಲು ಬಿಡಿ.

ಮೊದಲು ಐದಾರು ಜನರ ಮೇಲೆ ಪೈಲಟ್, ಅಂದರೆ ಸಣ್ಣ ಪ್ರಯೋಗ, ಮಾಡಿ. ನಿಮ್ಮ ಚೀಟಿಯಲ್ಲಿ ಸೂರ್ಯನ ಚಿತ್ರ ಬರೆದರೆ ಕೆಲವರು ಅದನ್ನು ಬೆಳಿಗ್ಗೆ ಅಂತಲೂ ಕೆಲವರು ಮಧ್ಯಾಹ್ನ ಅಂತಲೂ ಓದುತ್ತಾರೆ. ಅಂಥದ್ದು ಪೈಲಟ್‌ನಲ್ಲೇ ಗೊತ್ತಾಗಬೇಕು.

ಆ ಅಮ್ಮನ ಹತ್ತಿರ ಹೋಗುವಾಗ ಮಾತ್ರ ನಿನ್ನ ಡ್ಯೂಟಿ ಮುಗಿಯಲು ಅರ್ಧ ಗಂಟೆಯಾದರೂ ಉಳಿದಿರಲಿ. ಅವರು ಅತ್ತರೆ ನೀನು ಲೋಕಲ್ ಹಿಡಿಯಲು ಏಳಬೇಕಾಗಿ ಬರಬಾರದು.